ಎರಡನೆಯ ಸ್ಪರ್ಶ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನವಲಗುಂದ ಸಮೀಪಿಸುತ್ತಿದ್ದಂತೆ ದಾರಿಯ ಎರಡು ಪಕ್ಕಗಳಲ್ಲಿಯೂ ಎರೆಯ ಭೂಮಿ ಕಣ್ಣು ಹಾಯುವವರೆಗೆ ಹಾಸಿಕೊಂಡಿರುತ್ತದೆ. ಹಿಂಗಾರಿಯ ಜೋಳ, ಕಡಲೆ, ಗೋದಿಗಳ ಸುಗ್ಗಿ ಮುಗಿದು ಬೇಸಗೆ ಕಾಲಿಟ್ಟಿತೆಂದರೆ ಆ ಬಯಲಿನಲ್ಲಿ ನೋಟವನ್ನು ತಡೆಯುವ ವಸ್ತು ಅಪರೂಪ. ಆದರೂ ನೋಟ ಸ್ಪಷ್ಟವಾಗಿರುತ್ತದೆಯೆಂದು ಹೇಳುವಂತಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ನೆಲದಿಂದೇಳುವ ಝಳ ದೂರದ ರೂಪಗಳನ್ನೆಲ್ಲ ಕಲಕಿಬಿಡುತ್ತದೆ. ಹೊಲದ ಬದುವಿನಲ್ಲಿ ನಿಂತಿರುವುದು ಜಾಲಿಯ ಗಿಡವೋ, ತಲೆಯ ಮೇಲೆ ಹೊರೆ ಹೊತ್ತ ಹೆಣ್ಣುಮಗಳೋ ಎಂಬುದು ಹತ್ತಿರಕ್ಕೆ ಹೋಗುವವರೆಗೆ ತಿಳಿಯದು. ಗಿಡವೆಂದುಕೊಂಡದ್ದು ನಡೆಯತೊಡಗುತ್ತದೆ, ಮನುಷ್ಯನೆಂದುಕೊಂಡದ್ದು ಎಷ್ಟು ಹೊತ್ತಾದರೂ ನಿಂತಲ್ಲಿಯೇ ನಿಂತಿರುತ್ತದೆ. ಬಯಲುಸೀಮೆಯಲ್ಲಿ ಬೆಳೆದವರಿಗೆಲ್ಲ ಪರಿಚಿತವಾದ ಭ್ರಮೆ ಇದು.

ಈ ಊರಿನಲ್ಲಿ ಅಜಾತ ನಾಗಲಿಂಗ ಸ್ವಾಮಿಗಳ ಮಠವಿದೆ. 19ನೆಯ ಶತಮಾನದಲ್ಲಿ ಬಾಳಿದ ಈ ಅವಧೂತರನ್ನು ಸುತ್ತಲಿನ ಜನ ಇಂದಿಗೂ ‘ನಾಗಲಿಂಗಜ್ಜ’ ಎಂದೇ ಕರೆಯುತ್ತಾರೆ. ಶಿಶುನಾಳದ ಶರೀಫ ಸಾಹೇಬರ ಹೆಸರಿನೊಡನೆ, ಹುಬ್ಬಳ್ಳಿಯ ಸಿದ್ಧಾರೂಢರ ಹೆಸರಿನೊಡನೆ ಅಜ್ಜನ ಹೆಸರನ್ನೂ ಸೇರಿಸಿ ಹೇಳುವುದು ಆ ಸೀಮೆಯ ವಾಡಿಕೆ. ಮಠದಲ್ಲಿ ಒಂದು ಬೈಬಲ್ ಗ್ರಂಥವುಂಟು. ಅದರ ಹಾಳೆಗಳನ್ನು ತೂರಿಕೊಂಡು ಹೋದ ರಂಧ್ರವೊಂದುಂಟು. ತನ್ನ ಮತವನ್ನು ಸಾರುತ್ತ ಬಂದ ಒಬ್ಬ ಪಾದ್ರಿಯ ಎದುರಿನಲ್ಲಿ ಅಜ್ಜ ಆ ಗ್ರಂಥವನ್ನು ಕಬ್ಬಿಣದ ಸರಳಿನಿಂದ ಚುಚ್ಚಿದನೆಂದೂ, ಆ ರಂಧ್ರ ಕಾಲಕ್ರಮದಲ್ಲಿ ತಾನಾಗಿಯೇ ತುಂಬಿಕೊಳ್ಳುವುದೆಂದು ನುಡಿದನೆಂದೂ ಭಕ್ತರು ಹೇಳುತ್ತಾರೆ. ಹೇಳುವ ಬಾಯಿ ಬದಲಾದಂತೆ ಕಥೆಯ ವಿವರಗಳೂ ಬದಲಾಗುತ್ತವೆ. ಬದಲಾಗದೆ ಉಳಿದಿರುವುದು ಒಂದೇ: ಒಂದು ಮತದ ಪವಿತ್ರ ಗ್ರಂಥ ಇನ್ನೊಂದು ಸಂಪ್ರದಾಯದ ಮಠದಲ್ಲಿ ಭಕ್ತಿಯಿಂದ ಕಾಪಾಡಲ್ಪಟ್ಟಿದೆ.

ಆ ಗ್ರಂಥದ ಮುಂದೆ ಮೂವರು ನಿಂತರೆಂದು ಭಾವಿಸೋಣ. ಒಬ್ಬನಿಗೆ ಅಲ್ಲಿ ಹಳೆಯ ಕಾಗದ ಕಾಣುತ್ತದೆ. ಇನ್ನೊಬ್ಬನಿಗೆ ಅಪಮಾನವೋ ವಿಜಯವೋ ಕಾಣುತ್ತದೆ. ಯಾವುದೆಂಬುದು ಅವನು ಯಾವ ಪಕ್ಷದವನೆಂಬುದರ ಮೇಲೆ ನಿಂತ ಮಾತು. ಮೂರನೆಯವನಿಗೆ ಮಾತ್ರ, ಗಾಯಗೊಂಡ ಗ್ರಂಥವೊಂದನ್ನು ಬಿಸಾಡದೆ, ಅದು ಮತ್ತೆ ಕೂಡಿಕೊಳ್ಳುವ ದಿನಕ್ಕಾಗಿ ತಲೆಮಾರಿನಿಂದ ತಲೆಮಾರಿಗೆ ಕಾಯುತ್ತಿರುವ ಜನರ ಮುಖ ಕಾಣುತ್ತದೆ. ಮೂವರ ಕಣ್ಣುಗಳ ಮೇಲೂ ಬಿದ್ದದ್ದು ಒಂದೇ ಬೆಳಕು. ಹಾಗಿದ್ದರೂ ನೋಟ ಮೂರಾದುದು ಹೇಗೆ?

ಕ್ರೈಸ್ತ ಧರ್ಮದಲ್ಲಿ ಈ ಪ್ರಶ್ನೆ ಬಹು ಹಳೆಯದು. ಶ್ರದ್ಧೆಗೆ ಅಲ್ಲಿ ಪ್ರಾಟೆಸ್ಟಂಟರು ‘ನಂಬಿಕೆ’ಯೆಂದೂ ಕ್ಯಾಥೊಲಿಕರು ‘ವಿಶ್ವಾಸ’ವೆಂದೂ ಹೆಚ್ಚಾಗಿ ಹೇಳುವುದುಂಟು. ಕಣ್ಣು ಮುಚ್ಚಿಕೊಂಡು ಒಪ್ಪಿಕೊಳ್ಳುವುದೇ ನಂಬಿಕೆಯೆಂದು ತಿಳಿದವರು ಮತದೊಳಗೂ ಇದ್ದಾರೆ, ಹೊರಗೂ ಇದ್ದಾರೆ. ಆದರೆ ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ ನಂಬಿಕೆಯನ್ನು ಕಾಣದ ವಸ್ತುಗಳ ವಿಷಯದಲ್ಲಿ ಉಂಟಾಗುವ ನಿಶ್ಚಯಕ್ಕೆ ಹೋಲಿಸುತ್ತದೆ. ಕಣ್ಣು ನಿಲ್ಲುವ ಎಡೆಯಿಂದ ಮುಂದಕ್ಕೆ ಸಾಗುವ ಒಂದು ನೋಟವೇ ಅದೆಂದು ಆ ಅಧ್ಯಾಯದ ಒಟ್ಟು ತಾತ್ಪರ್ಯ. ಕುರುಡನು ದೃಷ್ಟಿ ಪಡೆದ ಕಥೆಗಳು ಸುವಾರ್ತೆಗಳಲ್ಲಿ ಮತ್ತೆ ಮತ್ತೆ ಬರುವುದು ಕೇವಲ ಪವಾಡಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಾಗಿ ಅಲ್ಲವೆಂಬುದು ಸ್ಪಷ್ಟ.

ಈ ನೋಟದ ಸ್ವರೂಪವನ್ನು ತಿಳಿಯಲು ನವಲಗುಂದದವರು ದೂರ ಹೋಗಬೇಕಾಗಿಲ್ಲ. ಊರಿನ ಜಮಖಾನೆಗಳು ನಾಡಿನಲ್ಲೆಲ್ಲ ಹೆಸರಾದುವು. ಅವನ್ನು ನೇಯುವವರು ಬಹುಮಟ್ಟಿಗೆ ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಅವರು ಬಣ್ಣದ ನೂಲುಗಳನ್ನು ಒಂದೊಂದಾಗಿ ಸೇರಿಸುತ್ತಾರೆ. ಆ ಕ್ಷಣದಲ್ಲಿ ಕಣ್ಣಿಗೆ ಕಾಣುವುದು ಒಂದೆಳೆ ಕೆಂಪು, ಒಂದೆಳೆ ಹಳದಿ. ಮುಂದೆ ಮೂಡಲಿರುವ ನವಿಲು ಇನ್ನೂ ಎಲ್ಲಿಯೂ ಇಲ್ಲ. ಆದರೂ ನೇಯುವವಳ ಕೈ ತಡವರಿಸುವುದಿಲ್ಲ. ಮುಗಿದ ಜಮಖಾನೆ ಅವಳ ಮನಸ್ಸಿನಲ್ಲಿ ಆಗಲೇ ಹಾಸಿಕೊಂಡಿದೆ. ಅವಳು ನೂಲನ್ನು ನೋಡುತ್ತಿಲ್ಲವೆಂದು ಯಾರೂ ಹೇಳಲಾರರು. ಬರಿಯ ಕಣ್ಣಿನವರಿಗಿಂತ ಸೂಕ್ಷ್ಮವಾಗಿಯೇ ಅವಳು ಅದನ್ನು ನೋಡುತ್ತಾಳೆ. ಏಕೆಂದರೆ ಆ ಎಳೆ ಯಾವ ರೂಪಕ್ಕೆ ಸೇರತಕ್ಕದ್ದೆಂಬುದು ಅವಳಿಗೆ ಗೊತ್ತು. ಭಕ್ತನಾದವನು ತನ್ನ ಬಾಳಿನ ದಿನಗಳನ್ನು ನೋಡುವುದೂ ಹೀಗೆಯೆ.

ಇಷ್ಟು ಹೇಳಿ ಮುಗಿಸಿದರೆ ಧರ್ಮೋಪದೇಶವೇನೋ ಸುಂದರವಾಗಿಯೇ ಇರುತ್ತದೆ. ಆದರೆ ಒಂದು ತೊಡಕು ಉಳಿಯುತ್ತದೆ. ತನಗೆ ಒಳಗಣ್ಣು ತೆರೆದಿದೆಯೆಂದು ನಂಬಿದವರು ಲೋಕದಲ್ಲಿ ಕಡಮೆಯಿಲ್ಲ. ಅವರಲ್ಲಿ ಎಷ್ಟೋ ಮಂದಿ ಪಕ್ಕದ ಮನೆಯವನನ್ನು ಕಾಣಲಾರದವರು. ದೇವರನ್ನು ಕಂಡ ಕಣ್ಣಿಗೆ ಮನುಷ್ಯ ಕಾಣಿಸದೆ ಹೋಗುವುದು ಹೇಗೆ ಸಾಧ್ಯ?

ಇದಕ್ಕೆ ಉತ್ತರವೆಂಬಂತಹ ಒಂದು ಪುಟ್ಟ ಕಥೆ ಮಾರ್ಕನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿದೆ. ಉಳಿದ ಮೂರು ಸುವಾರ್ತೆಗಳಲ್ಲಿ ಅದು ಬಂದಿಲ್ಲ. ಬೇತ್ಸಾಯಿದವೆಂಬ ಊರಿನಲ್ಲಿ ಜನರು ಒಬ್ಬ ಕುರುಡನನ್ನು ಯೇಸುವಿನ ಬಳಿಗೆ ಕರೆತಂದರು. ಯೇಸು ಅವನ ಕೈಹಿಡಿದು ಊರ ಹೊರಗೆ ಕರೆದುಕೊಂಡು ಹೋಗಿ, ಕಣ್ಣುಗಳಿಗೆ ಉಗುಳು ಹಚ್ಚಿ, ಕೈಯಿಟ್ಟು, ಏನಾದರೂ ಕಾಣುತ್ತದೆಯೇ ಎಂದು ವಿಚಾರಿಸಿದನು. ಮನುಷ್ಯರು ಕಾಣುತ್ತಿದ್ದಾರೆ, ಆದರೆ ನಡೆದಾಡುವ ಮರಗಳಂತೆ ಕಾಣುತ್ತಿದ್ದಾರೆ ಎಂದು ಅವನು ಉತ್ತರ ಕೊಟ್ಟನು. ಯೇಸು ಮತ್ತೊಮ್ಮೆ ಅವನ ಕಣ್ಣುಗಳ ಮೇಲೆ ಕೈಯಿಟ್ಟನು. ಆಗ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು.

ಒಂದೇ ಮಾತಿನಿಂದ ರೋಗಿಗಳನ್ನು ಎಬ್ಬಿಸಿದವನಿಗೆ ಇಲ್ಲಿ ಎರಡು ಸಲ ಕೈಯಿಡಬೇಕಾಗಿ ಬಂದುದೇಕೆ ಎಂದು ವ್ಯಾಖ್ಯಾನಕಾರರು ಬಹಳ ಚರ್ಚಿಸಿದ್ದಾರೆ. ಕಥೆಯನ್ನು ಸರಳವಾಗಿ ಓದಿದವನಿಗೂ ಒಂದು ಸಂಗತಿ ಹೊಳೆಯದಿರದು. ಮೊದಲನೆಯ ಸ್ಪರ್ಶದಿಂದ ಬಂದದ್ದು ಸುಳ್ಳು ದೃಷ್ಟಿಯಲ್ಲ. ಕತ್ತಲೆ ಹೋಗಿತ್ತು, ಬೆಳಕು ಬಂದಿತ್ತು. ಕೊರತೆಯಿದ್ದುದು ಒಂದೇ ವಿಷಯದಲ್ಲಿ: ಮನುಷ್ಯರು ಮನುಷ್ಯರಾಗಿ ಕಾಣುತ್ತಿರಲಿಲ್ಲ. ಜನ್ಮವೆಲ್ಲ ಕತ್ತಲೆಯಲ್ಲಿ ಕಳೆದಂತಿದ್ದ ಬಡವನಿಗೆ ಅಷ್ಟು ಬೆಳಕೇ ಸಾಕಾಗಿತ್ತು. “ನನಗೆ ಕಣ್ಣು ಬಂತು” ಎಂದು ಕುಣಿಯುತ್ತ ಅವನು ಮನೆಗೆ ಓಡಿಹೋಗಬಹುದಾಗಿತ್ತು. ಅದನ್ನು ಸುಳ್ಳೆನ್ನುವವರೂ ಇರಲಿಲ್ಲ. ಆದರೆ ತನ್ನ ನೋಟ ಇನ್ನೂ ಮಸಕಾಗಿದೆಯೆಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡನು. ಎರಡನೆಯ ಸ್ಪರ್ಶ ಅವನಿಗೆ ಲಭಿಸಿದ್ದು ಆ ಒಪ್ಪಿಗೆಯ ಅನಂತರ.

ಧಾರವಾಡ ಸೀಮೆಯ ಕ್ರೈಸ್ತ ಚರಿತ್ರೆಯನ್ನು ಈ ಕಥೆಯ ಬೆಳಕಿನಲ್ಲಿ ಓದಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿತು. ಅದಕ್ಕೂ ಮುಂಚೆಯೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನ ಪಾದ್ರಿಯ ದುಡಿಮೆಯಿಂದ ಬೈಬಲ್ ಕನ್ನಡಕ್ಕೆ ಬಂದಿತ್ತು. ಊರು, ಉಣಿಸು, ಹವೆ ಎಲ್ಲವನ್ನೂ ಬಿಟ್ಟು ಬಂದ ಆ ಜರ್ಮನ್ ಮತ್ತು ಸ್ವಿಸ್ ತರುಣರ ಶ್ರದ್ಧೆ ಸಾಮಾನ್ಯವಾದುದಲ್ಲ. ಅವರಲ್ಲಿ ಎಷ್ಟೋ ಜನರ ಸಮಾಧಿಗಳು ಈ ಮಣ್ಣಿನಲ್ಲಿಯೇ ಇವೆ. ಆದರೆ ಅವರ ಮೊದಲ ನೋಟಕ್ಕೆ ಈ ನಾಡಿನ ಜನ ಕಂಡದ್ದು ಬಹುಮಟ್ಟಿಗೆ ಒಂದು ಸಮೂಹವಾಗಿ: ಅಜ್ಞಾನದಲ್ಲಿ ಮುಳುಗಿದ, ರಕ್ಷಿಸಲ್ಪಡಬೇಕಾದ ಒಂದು ಜನಸ್ತೋಮವಾಗಿ. ಸಂತೆಯಲ್ಲಿ, ಜಾತ್ರೆಯಲ್ಲಿ ನೆರೆದ ತಲೆಗಳು ಕಾಣುತ್ತಿದ್ದವು; ಆ ತಲೆಗಳೊಳಗೆ ಅಲ್ಲಮನ ನುಡಿಯಿದೆ, ಸರ್ವಜ್ಞನ ತ್ರಿಪದಿಯಿದೆ ಎಂಬುದು ಕಾಣುತ್ತಿರಲಿಲ್ಲ. ಮನುಷ್ಯರು ನಡೆದಾಡುವ ಮರಗಳಂತಿದ್ದರು.

1853ರಲ್ಲಿ ಇಪ್ಪತ್ತೊಂದು ವರ್ಷದ ತರುಣನೊಬ್ಬ ಅದೇ ಮಿಷನ್ನಿನಿಂದ ಈ ನಾಡಿಗೆ ಬಂದನು. ಕನ್ನಡಿಗರೆಲ್ಲರಿಗೂ ಪರಿಚಿತನಾದ ಫರ್ಡಿನಂಡ್ ಕಿಟ್ಟೆಲ್ ಅವನೇ. ಜನರಿಗೆ ಉಪದೇಶ ಹೇಳಬೇಕಾದರೆ ಜನರ ಮಾತು ತಿಳಿದಿರಬೇಕೆಂಬ ಉದ್ದೇಶದಿಂದ ಕನ್ನಡ ಕಲಿಕೆ ಮೊದಲಾಯಿತು. ಮಾತನ್ನು ಹುಡುಕುತ್ತ ಹೋದವನಿಗೆ ಮಾತನಾಡುವವರು ಸಿಕ್ಕಿದರು. ರೈತನಿಗೆ ನೇಗಿಲಿನ ಒಂದೊಂದು ಭಾಗಕ್ಕೂ ಒಂದು ಹೆಸರುಂಟು. ಅಡಿಗೆಮನೆಯಲ್ಲಿ ಹೆಂಗಸರು ಮಾತಿಗೊಂದು ಗಾದೆ ಹೇಳುತ್ತಾರೆ. ಓಲೆಗರಿಗಳಲ್ಲಿ ಸಾವಿರ ವರ್ಷಗಳ ಸಾಹಿತ್ಯ ಮಲಗಿದೆ. ಇವೆಲ್ಲವನ್ನೂ ಕಿವಿಗೊಟ್ಟು ಕೇಳಬೇಕಾದರೆ ಕೇಳಿಸಿಕೊಳ್ಳುವವನು ಸ್ವಲ್ಪ ಹೊತ್ತು ಹೇಳುವುದನ್ನು ನಿಲ್ಲಿಸಬೇಕಾಗುತ್ತದೆ. ಧರ್ಮಪ್ರಚಾರಕ್ಕಿಂತ ಭಾಷೆಯ ಕೆಲಸವೇ ಹೆಚ್ಚಾಯಿತೆಂಬ ಅಸಮಾಧಾನ ಅವನ ಮಿಷನ್ನಿನೊಳಗೆ ಇತ್ತು. ಕಿಟ್ಟೆಲ್ ಕೆಲಸ ಬಿಡಲಿಲ್ಲ. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹಾಡಿದನು, 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಪರಿಷ್ಕರಿಸಿ ಅಚ್ಚು ಮಾಡಿಸಿದನು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಹೊರಬಂತು.

ಇದರಿಂದ ಕಿಟ್ಟೆಲ್ ತನ್ನ ಮತವನ್ನು ಸಡಿಲಿಸಿದನೆಂದು ತಿಳಿಯಬಾರದು. ಅವನು ಬಂದದ್ದು ಪಾದ್ರಿಯಾಗಿ, ತೀರಿಕೊಂಡದ್ದೂ ಕ್ರಿಸ್ತನ ಸೇವಕನಾಗಿಯೇ. ಇಲ್ಲಿನ ಮತಾಚಾರಗಳ ವಿಷಯದಲ್ಲಿ ಅವನ ಅಭಿಪ್ರಾಯಗಳು ಅನೇಕ ಸಲ ಕಠಿಣವಾಗಿದ್ದವು. ಆದರೆ ಒಂದು ಜನದ ಗಾದೆಗಳನ್ನು ದಶಕಗಟ್ಟಲೆ ಕೂಡಿಸಿದವನಿಗೆ ಆ ಜನ ಮರಗಳಾಗಿ ಕಾಣುವುದು ಸಾಧ್ಯವಿಲ್ಲ. ನಿಘಂಟಿನ ಪ್ರತಿಯೊಂದು ಶಬ್ದದ ಹಿಂದೆಯೂ ಅದನ್ನು ಆಡಿದ ಒಬ್ಬ ಮನುಷ್ಯನಿದ್ದಾನೆ. ಎರಡನೆಯ ಸ್ಪರ್ಶ ಕಿಟ್ಟೆಲನಿಗೆ ಕನ್ನಡದ ಕೈಯಿಂದ ಬಂತೆಂದರೆ ತಪ್ಪಾಗದು.

ಆ ನೋಟ ಇನ್ನೂ ತಿಳಿಯಾಗಿ ಮೂಡಿದ್ದು ಈ ಮಣ್ಣಿನಲ್ಲಿಯೇ ಹುಟ್ಟಿದ ಒಬ್ಬ ಕ್ರೈಸ್ತನಲ್ಲಿ. ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಜನಿಸಿ, ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ ಉತ್ತರ ಕರ್ನಾಟಕದಲ್ಲಿ ದುಡಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಪುಸ್ತಕದ ಹೆಸರೇ ಅವರ ಮನೋಧರ್ಮವನ್ನು ತೋರಿಸುತ್ತದೆ: ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ಅದೇ ಪಾದ್ರಿಗಳು ಹಳ್ಳಿ ಹಳ್ಳಿ ತಿರುಗಿ, ಓಲೆಗರಿಗಳಿಂದಲೂ ಜನರ ಬಾಯಿಯಿಂದಲೂ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಚದರಿಹೋಗಿದ್ದ ಸುಮಾರು ಎರಡು ಸಾವಿರ ತ್ರಿಪದಿಗಳು ಒಂದು ಕಡೆ ಕೂಡಿದುವು. ಮುಂದೆ ಅವರು ಶರಣರ ಸಾಹಿತ್ಯವನ್ನು ಆಳವಾಗಿ ಅಭ್ಯಾಸ ಮಾಡಿ, ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥ ಬರೆದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1962ರಲ್ಲಿ ಅವರು ತೀರಿಕೊಂಡರು.

ಭಿಕ್ಷಾಪಾತ್ರೆ ಹಿಡಿದು ಊರೂರು ಅಲೆದನೆಂದು ಹೇಳಲಾಗುವ ಸರ್ವಜ್ಞನ ಹಿಂದೆ ಒಬ್ಬ ಪಾದ್ರಿ ಏತಕ್ಕೆ ಅಲೆಯಬೇಕಾಗಿತ್ತು? ಚರ್ಚಿನ ಕೆಲಸ ಬಿಟ್ಟು ಮಾಡಿದ ವಿನೋದವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕ್ರಿಸ್ತನೇ ಲೋಕದ ಬೆಳಕೆಂದು ನಂಬಿದವನು ಆ ಬೆಳಕು ಎಲ್ಲಿ ಬಿದ್ದಿದೆಯೆಂದು ನೋಡುತ್ತ ಹೋಗುವುದರಲ್ಲಿ ಅಸಂಗತವಾದದ್ದೇನೂ ಇಲ್ಲ. ದೀಪ ಇರುವುದು ದೀಪವನ್ನೇ ನೋಡುತ್ತ ಕೂಡುವುದಕ್ಕಲ್ಲ. ಮನೆಯಲ್ಲಿ ಯಾರು ಯಾರು ಇದ್ದಾರೆಂದು ಕಾಣುವುದಕ್ಕೆ. ಉತ್ತಂಗಿಯವರು ತಮ್ಮ ದೀಪವನ್ನು ಆರಿಸಲೂ ಇಲ್ಲ, ಇನ್ನೊಬ್ಬರ ದೀಪದೊಡನೆ ಬದಲಾಯಿಸಿಕೊಳ್ಳಲೂ ಇಲ್ಲ. ಅದರ ಬೆಳಕಿನಲ್ಲಿ ನೆರೆಯವನ ಮುಖ ನೋಡಿದರು. ಆ ಮುಖ ತಮಗೆ ಬಂಧುವಿನದಾಗಿ ಕಂಡಿತು.

ಮೊದಲ ಶತಮಾನದ ಸೌಲನ ಕಥೆಯೂ ಇದನ್ನೇ ಹೇಳುತ್ತದೆ. ಕ್ರಿಸ್ತನ ಅನುಯಾಯಿಗಳನ್ನು ಬಂಧಿಸಲು ದಮಸ್ಕಕ್ಕೆ ಹೊರಟ ಅವನು ದಾರಿಯಲ್ಲಿ ಮಹಾಪ್ರಕಾಶವೊಂದನ್ನು ಕಂಡು ಕುರುಡನಾದನು. ಮೂರು ದಿನ ಕಣ್ಣು ಕಾಣಲಿಲ್ಲ. ಆಮೇಲೆ ಅನನೀಯನೆಂಬ ಶಿಷ್ಯನು ಬಂದು, ‘ಸಹೋದರ’ನೆಂದು ಕರೆದು, ಅವನ ಮೇಲೆ ಕೈಯಿಟ್ಟನು, ಕಣ್ಣುಗಳಿಂದ ಪೊರೆಯಂತಹುದು ಕಳಚಿಬಿತ್ತು. ಹೊಸ ಕಣ್ಣಿನ ಎದುರಿಗೆ ಇದ್ದವನು ಯಾರೆಂಬುದನ್ನು ಗಮನಿಸಬೇಕು. ಯಾರನ್ನು ಸಂಕೋಲೆಯಲ್ಲಿ ಎಳೆದೊಯ್ಯಬೇಕೆಂದು ಅವನು ಬಂದಿದ್ದನೋ ಅವರಲ್ಲೊಬ್ಬನ ಮುಖ ಅದು. ಸೌಲನಿಂದ ಪೌಲನಾದವನ ಶ್ರದ್ಧೆ ಆ ಮುಖದ ದರ್ಶನದಿಂದ ಮೊದಲಾಯಿತು.

ಈ ಮಾತು ಕ್ರೈಸ್ತರಿಗೆ ಮಾತ್ರ ಸೇರಿದುದೆಂದು ಉಳಿದವರು ನಿಶ್ಚಿಂತರಾಗಿರುವಂತಿಲ್ಲ. ಇಂದು ಮನುಷ್ಯರನ್ನು ಮರಗಳಂತೆ ನೋಡುವುದು ಹಿಂದೆಂದಿಗಿಂತ ಸುಲಭವಾಗಿದೆ. ‘ಅವರ ಜಾತಿಯೇ ಹಾಗೆ’, ‘ಆ ಮತದವರೆಲ್ಲ ಒಂದೇ’ ಎಂಬ ಮಾತುಗಳು ಓದಿದವರ ಮನೆಗಳಲ್ಲಿಯೂ ಊಟದ ಹೊತ್ತಿನಲ್ಲಿ ಕೇಳಿಬರುತ್ತವೆ. ಎಲೆಯ ಮುಂದೆ ಕುಳಿತ ಮಕ್ಕಳು ಅವನ್ನು ಅನ್ನದೊಡನೆಯೇ ನುಂಗುತ್ತಾರೆ. ಕೈಯಲ್ಲಿ ಹಿಡಿದ ಫೋನಿನ ತೆರೆಯ ಮೇಲೆ ಸಾವಿರ ಮಂದಿ ಹಾದುಹೋಗುತ್ತಾರೆ; ಒಬ್ಬನ ಮುಖವೂ ನೆನಪಿನಲ್ಲಿ ನಿಲ್ಲುವುದಿಲ್ಲ. ಹೀಗೆ ನೋಡುವವರು ದುಷ್ಟರೇನೂ ಅಲ್ಲ. ಅವರ ಮನೆಯಲ್ಲಿ ದೇವರಿಗೆ ದೀಪ ಹಚ್ಚುವುದು ತಪ್ಪುವುದಿಲ್ಲ, ರವಿವಾರದ ಆರಾಧನೆ ತಪ್ಪುವುದಿಲ್ಲ, ನಮಾಜು ತಪ್ಪುವುದಿಲ್ಲ. ಅವರಿಗೆ ಮೊದಲನೆಯ ಸ್ಪರ್ಶವಾಗಿದೆ. ಅಷ್ಟಕ್ಕೇ ತೃಪ್ತರಾಗಿ, ಕಾಣುತ್ತಿದೆ ಎಂದು ಹೇಳಿ ಹೊರಟುಬಿಟ್ಟಿದ್ದಾರೆ.

ನವಲಗುಂದದ ಗ್ರಂಥದ ವಿಷಯದಲ್ಲಿಯೂ ಇಷ್ಟನ್ನು ಹೇಳಬಹುದು. ರಂಧ್ರ ಕೂಡಿಕೊಳ್ಳುತ್ತದೆಯೇ ಎಂದು ಅಳತೆಕೋಲು ಹಿಡಿದು ಪರೀಕ್ಷಿಸುವವರಿಗೆ ಸಿಕ್ಕುವುದು ಒಂದು ಅಳತೆ ಮಾತ್ರ. ಅದನ್ನು ಇಷ್ಟು ಕಾಲ ಕಾದುಕೊಂಡು ಬಂದವರಲ್ಲಿ ಬಹು ಮಂದಿ ಆ ಗ್ರಂಥದ ಮತಕ್ಕೆ ಸೇರಿದವರಲ್ಲ. ಆದರೂ ಅದು ಅವರಿಗೆ ಅನ್ಯವಾಗಿ ಕಾಣಲಿಲ್ಲ. ಪರರ ಪವಿತ್ರ ವಸ್ತುವನ್ನು ಪವಿತ್ರವೆಂದು ಕಾಣಬಲ್ಲ ಕಣ್ಣು ಆ ಎರೆಯ ಬಯಲಿನಲ್ಲಿ ಬಹು ಹಿಂದೆಯೇ ತೆರೆದಿತ್ತು. ಗೋವಿಂದಭಟ್ಟರಲ್ಲಿ ಗುರುವನ್ನು ಕಂಡ ಶರೀಫರೂ, ಶರೀಫರಲ್ಲಿ ಶಿಷ್ಯನನ್ನು ಕಂಡ ಗೋವಿಂದಭಟ್ಟರೂ ಆ ಕಣ್ಣಿಗೆ ಸಾಕ್ಷಿಯಾಗಿದ್ದಾರೆ.

ಬೇತ್ಸಾಯಿದದ ಕಥೆ ಮುಗಿಯುವ ಬಗೆಯೂ ಸ್ವಾರಸ್ಯವಾಗಿದೆ. ಪೂರ್ಣ ದೃಷ್ಟಿ ಪಡೆದವನನ್ನು ಯೇಸು ಜನರ ಮುಂದೆ ನಿಲ್ಲಿಸಿ ಸಾಕ್ಷಿ ನುಡಿಸಲಿಲ್ಲ. ತನ್ನ ಹಿಂದೆ ಬಾ ಎಂದು ಕರೆಯಲೂ ಇಲ್ಲ. ನೆಟ್ಟಗೆ ಮನೆಗೆ ಹೋಗೆಂದು ಕಳುಹಿಸಿದನು. ಸುವಾರ್ತೆ ಅಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಆ ದಿನ ಸಂಜೆ ಬಾಗಿಲು ತೆರೆದವಳು ಅವನ ತಾಯಿಯೋ ಹೆಂಡತಿಯೋ ಆಗಿರಬೇಕು. ಅವಳ ಧ್ವನಿ ಅವನಿಗೆ ಗೊತ್ತಿತ್ತು, ಹೆಜ್ಜೆಯ ಸಪ್ಪಳ ಗೊತ್ತಿತ್ತು. ಅವಳ ಮುಖದ ಮೇಲೆ ಎಷ್ಟು ದಣಿವಿತ್ತೆಂಬುದು ಅವನಿಗೆ ಆಗ ಕಂಡಿತು.